ಮೂರು ಲೇಖನ ಸಾಕು, ಹನ್ನೆರಡು ಲಕ್ಷ ಬೇಡ

ಪ್ರಶ್ನೆ: ಮೇಡಂ, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯ ದತ್ತಿಗಳ ಬಗ್ಗೆ ಪಿಎಚ್.ಡಿ. ಮುಗಿಸಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಸಹಾಯಕ ಪ್ರಾಧ್ಯಾಪಕರ ರಾಜ್ಯ ಅರ್ಹತಾ ಪರೀಕ್ಷೆ ಕೆ-ಸೆಟ್ ಇನ್ನೂ ಆಗಿಲ್ಲ. ಒಂದು ಅನುದಾನಿತ ಕಾಲೇಜಿನವರು ಹನ್ನೆರಡು ಲಕ್ಷ ಕೊಟ್ಟರೆ ಮುಂದೆ ಕಾಯಂ ಮಾಡಿಸುತ್ತೇವೆ ಎನ್ನುತ್ತಿದ್ದಾರೆ. ಅಪ್ಪ ಹೊಲ ಮಾರಲು ಹೊರಟಿದ್ದಾರೆ. ಹಣ ಕಟ್ಟಿ ಸಂಶೋಧನಾ ಪತ್ರಿಕೆಗಳಲ್ಲಿ ಹತ್ತು ಲೇಖನ ಹಾಕಿಸು ಎಂದು ಗೆಳತಿಯರ ಒತ್ತಾಯ. ಏನು ಮಾಡಲಿ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಹೊಲ ಮಾರುವುದು ಬೇಡವೆಂದು ಇವತ್ತೇ ಅಪ್ಪನಿಗೆ ಹೇಳಿ. ಅನುದಾನಿತ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ನೇಮಕಕ್ಕೆ ಇಲಾಖೆಯ ಅನುಮೋದನೆ ಬೇಕು. ಅನುಮತಿಯ ಆದೇಶ ತೋರಿಸಿ ಎಂದು ಕೇಳಿ ನೋಡಿ. ಅದಿಲ್ಲದಿದ್ದರೆ ಅವರು ತಮ್ಮ ಕೈಯಲ್ಲಿಲ್ಲದ್ದನ್ನು ಮಾರುತ್ತಿದ್ದಾರೆ. ಆದೇಶ ಇದ್ದರೂ ಕೊಡಬೇಡಿ, ಅದು ಲಂಚ. ಮಕ್ಕಳ ಓದಿಗಾಗಿ ಬೆವರು ಸುರಿಸಿದ ತಂದೆತಾಯಿಯರಿಂದ ಹೀಗೆ ಕೀಳುವವರ ಮೇಲೆ ನನಗೆ ಬರುವ ಸಿಟ್ಟು ಇಷ್ಟಿಷ್ಟಲ್ಲ.

ಲೇಖನಗಳ ವಿಷಯಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯನ್ನು ನೀವೇ ತೆರೆದು ಓದಿ. ಕಾಲೇಜು ಸಹಾಯಕ ಪ್ರಾಧ್ಯಾಪಕರನ್ನು ಸಂದರ್ಶನಕ್ಕೆ ಕರೆಯುವ ಅಂಕಪಟ್ಟಿಯಲ್ಲಿ ಪಿಎಚ್.ಡಿ.ಗೆ 25, ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್‌ಗೆ 8, ಕೆ-ಸೆಟ್‌ನಂಥ ರಾಜ್ಯಮಟ್ಟದ ಸೆಟ್‌ಗೆ 5. ಲೇಖನಕ್ಕೆ ತಲಾ 2 ಅಂಕ, ಎಷ್ಟೇ ಬರೆದರೂ 6ಕ್ಕಿಂತ ಹೆಚ್ಚು ಸಿಗುವುದಿಲ್ಲ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಗರಿಷ್ಠ 10. ಹೀಗಿರುವಾಗ ಹತ್ತು ಲೇಖನಕ್ಕೆ ಹಣ ಕಟ್ಟುವುದು ಯಾರ ಲಾಭಕ್ಕೆ? ನಿಮ್ಮ ಪ್ರಬಂಧದ ಗಟ್ಟಿ ಅಧ್ಯಾಯಗಳಿಂದ ಮೂರು ಲೇಖನ ತೆಗೆಯಿರಿ. ಮಾನ್ಯ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿ ಕೇರ್ ಪಟ್ಟಿ 2025ರ ಫೆಬ್ರುವರಿಯಲ್ಲೇ ನಿಂತಿದೆ. ಆದ್ದರಿಂದ ನೀವು ಅಡಿಟಿಪ್ಪಣಿಗಳಲ್ಲಿ ಉಲ್ಲೇಖಿಸಿದ ವಿದ್ವಾಂಸರು ಎಲ್ಲಿ ಬರೆಯುತ್ತಾರೋ ಅಲ್ಲಿಗೇ ಕಳಿಸಿ. ಅದಕ್ಕೂ ಮೊದಲು ಕರ್ನಾಟಕ ಇತಿಹಾಸ ಅಕಾಡೆಮಿಯ ಸಮ್ಮೇಳನದಲ್ಲಿ ಒಂದನ್ನು ಮಂಡಿಸಿ. ಶಾಸನ ಓದಬಲ್ಲ ಹಿರಿಯರು ಎದ್ದು ನಿಂತು ತಿದ್ದುವುದಕ್ಕೆ ಬೆಲೆ ಕಟ್ಟಲಾಗದು.

ಆದರೆ ಈ ಅಂಕಪಟ್ಟಿಯೊಂದನ್ನೇ ನಂಬಿ ಕೂರಬೇಡಿ. ಸರ್ಕಾರಿ ಪದವಿ ಕಾಲೇಜುಗಳ 1,242 ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಬಂದಾಗ ಆಯ್ಕೆ ನಡೆದದ್ದು ಲಿಖಿತ ಪರೀಕ್ಷೆಯ ಮೇಲೆ. ಐದು ವರ್ಷ ಒಂದೇ ರಾಜವಂಶದಲ್ಲಿ ಮುಳುಗಿದವರಿಗೆ ಅಲ್ಲಿ ಮೊಘಲರೂ ಫ್ರೆಂಚ್ ಕ್ರಾಂತಿಯೂ ಕೈಕೊಡುತ್ತವೆ. ಕೆ-ಸೆಟ್ ಓದು ಈ ಪರೀಕ್ಷೆಗೂ ಒದಗುತ್ತದೆ. ಪಿಎಚ್.ಡಿ. ಇದೆಯಲ್ಲ ಎಂದು ಅದನ್ನು ಮುಂದೂಡಬೇಡಿ.

ಸಂದರ್ಶನದ ಬಗ್ಗೆ ಒಂದು ಮಾತು. ಆಯ್ಕೆ ಸಮಿತಿಗಳಲ್ಲಿ ಕುಳಿತು ನಾನು ಕಂಡದ್ದಿದು: ನಿಮ್ಮ ಸಂಶೋಧನೆ ಏನು ಎಂದರೆ ಬಹಳ ಮಂದಿ ಶೀರ್ಷಿಕೆಯನ್ನು ಒಪ್ಪಿಸಿ ಸುಮ್ಮನಾಗುತ್ತಾರೆ. ನೀವು ನಿಮ್ಮದೇ ಜಿಲ್ಲೆಯ ಇಟಗಿಯಿಂದ ಶುರುಮಾಡಿ. ಮಹಾದೇವ ದಂಡನಾಯಕ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎನ್ನುತ್ತದೆ. ಅಂಥ ಗುಡಿ ನಡೆಯಲು ಭೂಮಿ ಎಲ್ಲಿಂದ ಬಂತು, ಉತ್ಪನ್ನ ಯಾರ ಪಾಲಾಯಿತು ಎಂದು ಕೇಳುತ್ತಾ ಹೋದರೆ ಬಿ.ಎ. ವಿದ್ಯಾರ್ಥಿಗೂ ಅರ್ಥವಾಗುತ್ತದೆ. ನೀವು ಪಾಠ ಮಾಡಬಲ್ಲಿರಿ ಎಂಬುದು ಸಮಿತಿಗೂ ಮನದಟ್ಟಾಗುತ್ತದೆ.

ಅತಿಥಿ ಉಪನ್ಯಾಸಕಿಯಾಗಿ ದುಡಿದ ಪ್ರತಿ ವರ್ಷದ ನೇಮಕ ಆದೇಶ, ಬಿಡುಗಡೆ ಪತ್ರ, ಗೌರವಧನ ಜಮೆಯಾದ ಬ್ಯಾಂಕ್ ವಿವರ ಒಂದೇ ಕಡತದಲ್ಲಿರಲಿ. ಪ್ರಾಂಶುಪಾಲರು ವರ್ಗವಾದ ಮೇಲೆ ಸಹಿಗಾಗಿ ಅಲೆಯುವುದು ಬಲು ಕಷ್ಟ. ಕೊಪ್ಪಳದವರಾದ ನಿಮಗೆ ಕಲ್ಯಾಣ ಕರ್ನಾಟಕದವರಿಗೆಂದೇ ಇರುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯೂ ಇದೆ. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಇನ್ನೂ ಮಾಡಿಸಿಲ್ಲದಿದ್ದರೆ ಈ ತಿಂಗಳೇ ಅರ್ಜಿ ಹಾಕಿ. ಅಧಿಸೂಚನೆ ಬಂದ ಮೇಲೆ ಆ ಕಚೇರಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ.