ಮುಯಿಸ್ಕಾ ಒಲೆಯ ಮೇಲೆ ಏನಿತ್ತು?

ಹೋದ ತಿಂಗಳು ಕೊಲಂಬಿಯಾದ ಬೊಗೋಟಾದ ಚಳಿಯ ಬಗ್ಗೆ ಬರೆದಿದ್ದೆ. ಸ್ಪೇನಿನವರು ಬರುವ ಮೊದಲು ಆ ಬಯಲು ಮುಯಿಸ್ಕಾ ಜನರದಾಗಿತ್ತು, ಅಲ್ಲಿ ಅಕ್ಕಿ, ಗೋಧಿ, ಹಾಲು ಯಾವುದೂ ಇರಲಿಲ್ಲ ಅಂತ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳು ಚಳಿಯನ್ನು ಬಿಟ್ಟು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಮಗಳ ಮನೆಯಲ್ಲಿ ಮೂರು ವರ್ಷ ಇದ್ದು, ಕೆಲಸವಿಲ್ಲದ ಹೊತ್ತಿನಲ್ಲೆಲ್ಲ ಅಲ್ಲಿನ ಮಾರುಕಟ್ಟೆ ಸುತ್ತಿದವಳು ನಾನು. ಆದ್ದರಿಂದ ನನಗೂ ಖುಷಿಯೇ.

ಅಕ್ಕಿ ಇಲ್ಲ, ಗೋಧಿ ಇಲ್ಲ, ಹಾಲಿಲ್ಲ. ಮತ್ತೆ ತಿನ್ನುತ್ತಿದ್ದುದಾದರೂ ಏನು?
– ಓದುಗರು, ಹೊಳೆನರಸೀಪುರ

ಈರುಳ್ಳಿ, ಬೆಳ್ಳುಳ್ಳಿ, ಕೋಳಿ, ಕಬ್ಬು ಕೂಡ ಇರಲಿಲ್ಲ. ಆದರೂ ಮಡಕೆ ತುಂಬಿಯೇ ಇತ್ತು. ಮೊದಲು ಮೆಕ್ಕೆಜೋಳ. ಅವರ ಮಾತಿನಲ್ಲಿ 'ಅಬ'. ಕಲ್ಲಿನ ಮೇಲೆ ಅರೆದು ಗಂಜಿ ಕಾಯಿಸುತ್ತಿದ್ದರು, ರೊಟ್ಟಿ ಸುಡುತ್ತಿದ್ದರು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುತ್ತಿದ್ದರು. ಅದು ಈಗಲೂ ಅಲ್ಲಿ ಸಿಗುತ್ತದೆ. ಬಿಚ್ಚಿ ತಿನ್ನುವಾಗ ನನಗೆ ಅರಿಸಿನ ಎಲೆಯ ಕಡುಬೇ ನೆನಪಾಗುತ್ತಿತ್ತು.

ಆಮೇಲೆ ಆಲೂಗಡ್ಡೆ. ನಾನು ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರ ಮಗಳು. ಅಪ್ಪನ ಹೊಲದಲ್ಲಿ ಗಡ್ಡೆ ಆರಿಸಿಯೇ ದೊಡ್ಡವಳಾದವಳು. ಬೊಗೋಟಾದ ಮಾರುಕಟ್ಟೆಯಲ್ಲಿ ಮಾತ್ರ ಒಂದನೇ ಕ್ಲಾಸಿನ ಹುಡುಗಿಯಾದೆ. ಒಂದು ಕುದಿಸಿದರೆ ಕರಗಿ ಸಾರಿಗೆ ಮಂದ ಕೊಡುತ್ತದೆ. ಇನ್ನೊಂದು ಎಷ್ಟು ಬೆಂದರೂ ಇಡಿಯಾಗಿ ಉಳಿಯುತ್ತದೆ. ಮತ್ತೊಂದು ನಿಂಬೆಹಣ್ಣಿನಷ್ಟೇ ಇರುವ ಹಳದಿ ಗಡ್ಡೆ, ಬಾಯಲ್ಲಿಟ್ಟರೆ ಬೆಣ್ಣೆ. 1537ರಲ್ಲಿ ಅಲ್ಲಿಗೆ ಬಂದ ಸ್ಪೇನಿನವರು ಆಲೂಗಡ್ಡೆಯನ್ನು ಅದೇ ಮೊದಲು ಕಂಡು, ನೆಲದಡಿ ಬೆಳೆಯುವ ಒಂದು ಬಗೆಯ ಅಣಬೆಯ ಹೆಸರಿನಿಂದ ಕರೆದರಂತೆ!

ನನಗೆ ಜಾಸ್ತಿ ಇಷ್ಟವಾದದ್ದು ಉಳಿದ ಗಡ್ಡೆಗಳು. ಉದ್ದುದ್ದ ಗೆರೆಯ ಕೂಬಿಯೊ ಕಚ್ಚಿದರೆ ಮೂಲಂಗಿ, ಸಾಸಿವೆಯ ಘಾಟು. ಇಬಿಯಾಗೆ ಸಣ್ಣ ಹುಳಿ. ಹೊಲದ ಬದುವಿನಲ್ಲಿ ಮಕ್ಕಳು ಕಿತ್ತು ತಿನ್ನುವ ಮೂರೆಲೆಯ ಹುಳಿಸೊಪ್ಪಿನ ಕುಲದ್ದೇ ಅದು. ಚೂಗುವಾ ಅನ್ನುವುದು ಲೋಳೆ ಲೋಳೆ. ಅದು ನಮ್ಮ ಬಸಳೆಯ ಮನೆತನದ ಗಿಡ, ಎಲೆಯನ್ನೂ ತಿನ್ನಬಹುದು. ಲೋಳೆ ಅಂತ ಮಗಳು ದೂರ ತಳ್ಳಿದಳು. ಬಸಳೆ ಸಾರು ಉಂಡು ಬೆಳೆದ ನನಗೆ ಏನೂ ಅನಿಸಲಿಲ್ಲ. ಈಗ ನಮ್ಮ ಅಂಗಡಿಗಳಲ್ಲಿ ದುಬಾರಿಗೆ ಮಾರುವ ಕಿನೋವಾವನ್ನೂ ಅವರು ಬೆಳೆಯುತ್ತಿದ್ದರು. ಅದು ನಮ್ಮ ಚಕ್ಕೋತ ಸೊಪ್ಪಿನ ನೆಂಟ.

ಒಂದು ಮಾತು ಮರೆತಿದ್ದೆ. ಬೊಗೋಟಾ ಇರುವುದು ಸುಮಾರು 2,600 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರಿಗೂ ಮೇಲೆ. ಅಲ್ಲಿ ನೀರು 91 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಮೊದಲ ವಾರ ಕುಕ್ಕರ್ ಇಲ್ಲದೆ ಹುರುಳಿಕಾಯಿಯ ಬೀಜ ಬೇಯಿಸಲು ಹೋಗಿ, ಮಧ್ಯಾಹ್ನದ ಊಟ ರಾತ್ರಿಗೆ ಹೋಯಿತು. ಮುಯಿಸ್ಕಾ ಹೆಂಗಸರು ಅದೇ ಬೀಜವನ್ನು ಮಣ್ಣಿನ ಮಡಕೆಯಲ್ಲಿ ಬೇಯಿಸುತ್ತಿದ್ದರು. ಅವರ ತಾಳ್ಮೆಗೆ ಕೈ ಮುಗಿದೆ.

ಅವರನ್ನು 'ಉಪ್ಪಿನ ಜನ' ಅಂತ ಕರೆಯುವುದು ಯಾಕೆ?
– ಓದುಗರು, ಅಂಕೋಲಾ

ಅಂಕೋಲಾದವರೇ ಕೇಳಬೇಕಾದ ಪ್ರಶ್ನೆ ಇದು! ನಿಮ್ಮ ಕಡೆ ಸಮುದ್ರದ ನೀರನ್ನು ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತಾರೆ. ಮುಯಿಸ್ಕಾ ನಾಡಿಗೆ ಸಮುದ್ರವಿಲ್ಲ, ಅಂಥ ಬಿಸಿಲೂ ಇಲ್ಲ. ಇದ್ದದ್ದು ಸಿಪಾಕಿರಾ, ನೆಮೊಕೋನ್, ತೌಸಾ ಊರುಗಳ ಉಪ್ಪುನೀರಿನ ಒರತೆ. ಆ ನೀರನ್ನು ದೊಡ್ಡ ಮಡಕೆಗೆ ಹೊಯ್ದು ಕಾಯಿಸುವುದು. ಇಂಗಿದ ಹಾಗೆ ಮತ್ತೆ ಹೊಯ್ಯುವುದು. ಕೊನೆಗೆ ಮಡಕೆಯೊಳಗೆ ಉಪ್ಪು ಕಲ್ಲಾಗಿ ಕೂರುತ್ತದೆ. ಆಗ ಮಡಕೆಯನ್ನೇ ಒಡೆದು ಅಚ್ಚನ್ನು ತೆಗೆಯುವುದು. ಒಂದು ಅಚ್ಚಿಗೆ ಒಂದು ಮಡಕೆ ಬಲಿ. ಆ ಊರುಗಳಲ್ಲಿ ನೆಲ ಅಗೆದವರಿಗೆ ರಾಶಿ ರಾಶಿ ಬೋಕಿ ಸಿಕ್ಕಿದೆ.

ಬೆಲ್ಲದ ಅಚ್ಚಿನ ಹಾಗೆ ಈ ಉಪ್ಪಿನ ಅಚ್ಚನ್ನು ಹೊತ್ತು ಬೆಟ್ಟ ಇಳಿದು, ಬಿಸಿನಾಡಿನವರಿಂದ ಹತ್ತಿ, ಚಿನ್ನ, ಹಣ್ಣು, ಕೋಕಾ ಎಲೆ ತರುತ್ತಿದ್ದರು. ಕಷ್ಟ ಬಂದದ್ದೂ ಅದೇ ದಾರಿಯಲ್ಲಿ. 1536ರಲ್ಲಿ ಸ್ಪೇನಿನ ದಂಡನಾಯಕ ಗೊನ್ಸಾಲೊ ಹಿಮೆನೆಸ್ ದೆ ಕೆಸಾದಾ ಕರಾವಳಿಯ ಸಾಂತಾ ಮಾರ್ತಾ ಊರಿನಿಂದ ದಂಡು ಕಟ್ಟಿಕೊಂಡು ಮಗ್ದಲೇನಾ ನದಿಯ ಗುಂಟ ಹೊರಟ. ದಾರಿಯಲ್ಲಿ ಅವನ ಕಣ್ಣಿಗೆ ಉಪ್ಪಿನ ಅಚ್ಚುಗಳು ಬಿದ್ದವು. ಸಮುದ್ರದ ಉಪ್ಪು ಪುಡಿ, ಇದು ಕಲ್ಲು. ಹಾಗಾದರೆ ಮೇಲೆಲ್ಲೋ ದೊಡ್ಡ ನಾಡಿದೆ ಅಂತ ಅಂದಾಜು ಮಾಡಿ, ಜಾಡು ಹಿಡಿದು ಬೆಟ್ಟ ಹತ್ತಿಬಿಟ್ಟ. ಹೊರಟವರಲ್ಲಿ ಮುಕ್ಕಾಲು ಪಾಲು ಜನ ದಾರಿಯಲ್ಲೇ ಸತ್ತರು. ಬದುಕಿ ಬಂದ ಇನ್ನೂರಕ್ಕೂ ಕಡಿಮೆ ಜನವೇ ಆ ನಾಡನ್ನು ಗೆಲ್ಲಲು ಸಾಕಾದರು.

ಆ ಕಾಲದವರು ಬರೆದಿಟ್ಟ ಇನ್ನೊಂದು ಸಂಗತಿ: ಪೂಜಾರಿಯಾಗುವ ಹುಡುಗ ವರ್ಷಗಟ್ಟಲೆ ಒಂಟಿಯಾಗಿ ಇರಬೇಕಿತ್ತು. ಊಟದಲ್ಲಿ ಉಪ್ಪೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಉಪ್ಪು ಬಿಟ್ಟು ವ್ರತ ಮಾಡುತ್ತಿದ್ದ ನಮ್ಮಜ್ಜಿಗೆ ಇದನ್ನು ಹೇಳಬೇಕಿತ್ತು.

ಹೆಂಗಸರು ಜೋಳ ಅಗಿದು ಉಗುಳಿ ಹೆಂಡ ಮಾಡುತ್ತಿದ್ದರಂತೆ. ಸುಮ್ನೆ ಕಟ್ಟಿದ ಕತೆ ಅಲ್ವಾ?
– ಓದುಗರು, ಗದಗ

ಕತೆಯಲ್ಲ. ಅದಕ್ಕೆ ಚೀಚಾ ಅನ್ನುತ್ತಾರೆ, ಮುಯಿಸ್ಕಾ ಮಾತಿನಲ್ಲಿ ಫಪ್ಕ್ವಾ. ಎಂಜಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಸಕ್ಕರೆಯಾದರೆ ತಾನೇ ಹುಳಿಯುವುದು? ಮೊಳಕೆ ಬರಿಸಿದ ಕಾಳೂ ಇದೇ ಕೆಲಸ ಮಾಡುತ್ತದೆ. ನಾವು ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿದಾಗ ಸಿಹಿ ಬರುತ್ತದಲ್ಲ, ಅದೇ ಲೆಕ್ಕ.

1948ರಲ್ಲಿ ಬೊಗೋಟಾದಲ್ಲಿ ದೊಡ್ಡ ದಂಗೆ ನಡೆದ ಮೇಲೆ ಸರ್ಕಾರ ಚೀಚಾಕ್ಕೆ ಕಡಿವಾಣ ಹಾಕಿತು. ಮನೆಯಲ್ಲಿ ಮಾಡಿ ಮಾರುವವರ ಕತೆ ಮುಗಿಯಿತು. ಬಿಯರ್ ಮಾರುವವರಿಗೆ ಹಬ್ಬ. ಕುಡಿದರೆ ಪೆದ್ದರಾಗುತ್ತೀರಿ ಅಂತ ಗೋಡೆಗೆ ಭಿತ್ತಿಪತ್ರ ಬೇರೆ. ಈಗ ಹಳೇ ಪೇಟೆಯ ಚೋರೊ ದೆ ಕೆವೆದೊದಲ್ಲಿ ಧಾರಾಳವಾಗಿ ಮಾರುತ್ತಾರೆ. ಯಾರೂ ಅಗಿಯುವುದಿಲ್ಲ, ಹೆದರಬೇಡಿ. ಒಣಕಾಯಿಯ ಚಿಪ್ಪಿನಲ್ಲಿ ಕೊಟ್ಟರು, ನಾನೂ ಒಂದು ಗುಟುಕು ಕುಡಿದೆ. ಹುಳಿ ಬಂದ ಅಂಬಲಿ. ಎರಡನೇ ಗುಟುಕು ಕುಡಿದೆನೋ ಇಲ್ಲವೋ ಅಂತ ಕೇಳಬೇಡಿ.

ಇಲಿ ತಿನ್ನುತ್ತಿದ್ದರಾ?
– ಓದುಗರು, ಮಂಡ್ಯ

ಇಲಿಯಲ್ಲ, ಗಿನಿಪಿಗ್. ಮನೆಯಲ್ಲೇ ಸಾಕುತ್ತಿದ್ದರು. ಹೊಳೆ, ಕೆರೆಗಳ ಮೀನೂ ಇತ್ತು. ಜಿಂಕೆ ಮಾತ್ರ ದೊರೆಗಳ ಪಾಲು, ಉಳಿದವರು ಅಪ್ಪಣೆ ಪಡೆಯಬೇಕಿತ್ತು.

ನಾವು ಸಸ್ಯಾಹಾರಿಗಳು. ಮನೆಯಲ್ಲಿ ಮಾಡುವಂಥದ್ದು ಏನಾದರೂ ಇದೆಯಾ?
– ಓದುಗರು, ಸಾಗರ

ಇದೆ. ಬೊಗೋಟಾದ ಹೆಸರಾದ ಸಾರು ಅಹಿಯಾಕೊ. ಅದರಿಂದ ಕೋಳಿ, ಕೆನೆ ತೆಗೆಯಿರಿ, ಅವು ಆಮೇಲೆ ಬಂದವು. ಉಳಿದದ್ದು ಹೆಚ್ಚೂಕಡಿಮೆ ಹಳೇ ಮಡಕೆ. ಅರ್ಧ ಕೆಜಿ ಆಲೂಗಡ್ಡೆ ಹೆಚ್ಚಿ, ಎರಡು ಎಳೆ ಮೆಕ್ಕೆಜೋಳದ ತೆನೆಯನ್ನು ತುಂಡು ಮಾಡಿ, ಮುಳುಗುವಷ್ಟು ನೀರಲ್ಲಿ ಸಣ್ಣ ಉರಿಯಲ್ಲಿ ಕುದಿಸಿ. ನಮ್ಮ ಆಲೂಗಡ್ಡೆ ತಾನಾಗಿ ಕರಗುವುದಿಲ್ಲ, ಅರ್ಧದಷ್ಟನ್ನು ಸೌಟಿನಲ್ಲಿ ಮಸೆಯಿರಿ. ಅವರು ಇದಕ್ಕೆ ಗುವಾಸ್ಕಾ ಅನ್ನುವ ಸೊಪ್ಪು ಹಾಕುತ್ತಾರೆ. ಆ ಗಿಡ ನಮ್ಮ ದೇಶದ ತಂಪು ಜಾಗಗಳಲ್ಲೂ ಕಳೆಯಾಗಿ ಬೆಳೆಯುತ್ತದೆ. ಹಾಗಂತ ಗುರುತಿಲ್ಲದ ಕಳೆ ಕಿತ್ತು ತರಬೇಡಿ, ಸೊಪ್ಪಿಲ್ಲದೆಯೂ ನಡೆಯುತ್ತದೆ. ಉಪ್ಪು ಕೊನೆಗೆ, ಹಸಿಮೆಣಸಿನಕಾಯಿ ಜಜ್ಜಿ ಪಕ್ಕಕ್ಕೆ.

ಊರಿಗೆ ಬಂದ ಮೇಲೆ ಮೊದಲ ಸಲ ಮಾಡಿ ಬಡಿಸಿದಾಗ ನಮ್ಮ ಯಜಮಾನರು ಎರಡು ತುತ್ತು ತಿಂದು, "ಒಗ್ಗರಣೆ ಹಾಕೋದು ಮರೆತೆಯಾ?" ಅಂದರು. ಮೂರನೇ ಬಟ್ಟಲು ಖಾಲಿಯಾದ ಮೇಲೂ ಅದನ್ನೇ ಕೇಳುತ್ತಿದ್ದರು.