ಆಮೆ ತಿಂದ ಅಣಬೆ

ತಮ್ಮಾ, ಊರು ಸಾಗರ, ಜರ್ಮನಿಯ ಮ್ಯೂನಿಕ್ಕಿಗೆ ಬಂದು ಎರಡು ತಿಂಗಳಾಯ್ತು ಅಂತ ಬರೆದಿದ್ದೀಯ. ನೀನು ಕೇಳಿದ್ದು ಮೂರು. ಮನೆ ಓನರ್ ಅಜ್ಜಿ ಜನವರಿಯಲ್ಲಿ ಒಂದು ತಿಂಗಳು ತಮ್ಮ ಆಮೆ ನೋಡಿಕೋ ಅಂದಿದ್ದಾರೆ, ಒಪ್ಪಲಾ? ಆ ಆಮೆ ಹಿತ್ತಲಲ್ಲಿ ಎದ್ದ ಬಿಳಿ ಅಣಬೆ ತಿಂದು ಮೂರು ದಿನವಾದ್ರೂ ಆರಾಮಾಗಿದೆ, ಹಾಗಾದ್ರೆ ನಾವೂ ತಿನ್ನಬಹುದಾ? ಶಿವಮೊಗ್ಗದಲ್ಲಿ ಅಕ್ಕನ ಗೃಹಪ್ರವೇಶಕ್ಕೆ ಒಂದು ನಕ್ಷತ್ರ ಆಮೆ ಕೊಡಿಸಬೇಕು ಅಂತಿದ್ದೀನಿ, ತೊಂದರೆ ಇಲ್ವಲ್ಲ?

ಎರಡನೇದಕ್ಕೆ ಮೊದಲು ಉತ್ತರ: ತಿನ್ನಬೇಡ. ಕಿತ್ತು ಫ್ರಿಜ್ಜಲ್ಲಿ ಇಟ್ಟಿದ್ರೆ ಈಗಲೇ ಎಸೆ, ಆಮೇಲೆ ಮುಂದೆ ಓದು.

ನಾನು ಇದನ್ನ ಬರೀತಿರೋದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಕೂತು. ನಾನೂ ಜರ್ಮನಿಯಲ್ಲೇ ಇರೋಳು, ರಜೆಗೆ ಬಂದಿದ್ದೀನಿ. ಪುನರ್ವಸು ಮಳೆ ಬಿಡದೆ ಹೊಯ್ತಾ ಇದೆ, ಕರೆಂಟ್ ಹೋಗಿ ಎರಡು ದಿನ. ಬೆಳಿಗ್ಗೆ ಅಪ್ಪ ತೋಟದ ಅಂಚಿನಿಂದ ಒಂದು ಬುಟ್ಟಿ ಹುತ್ತದಣಬೆ ತಂದ್ರು. ಅಪ್ಪ ಅದನ್ನ ಎಳೆದು ಕೀಳಲ್ಲ. ಕೋಲಲ್ಲಿ ಮಣ್ಣು ಬಿಡಿಸಿ, ಬೇರಿನ ಹಾಗೆ ಕೆಳಗಿಳಿದ ಉದ್ದ ಕಾಲನ್ನ ಇಡಿಯಾಗಿ ತೆಗೀತಾರೆ. ಆ ಕಾಲಿನ ತುದಿಯಲ್ಲಿ ಗೆದ್ದಲು ಸಾಕಿಕೊಂಡ ಬೂಸ್ಟಿನ ತೋಟ ಇರುತ್ತೆ, ಅಣಬೆ ಏಳೋದು ಅದರಿಂದ. ಇಂಥಾ ಗೆದ್ದಲು ಇರೋದು ಏಷ್ಯಾ, ಆಫ್ರಿಕಾದ ಬಿಸಿ ನಾಡುಗಳಲ್ಲಿ. ನೀನಿರೋ ಬವೇರಿಯಾ ರಾಜ್ಯದಲ್ಲಿ ಹುತ್ತವೇ ಇಲ್ಲ ಮಾರಾಯ, ಹುತ್ತದಣಬೆ ಎಲ್ಲಿಂದ ಬರಬೇಕು? ಊರಲ್ಲಿ ನಾವು ಅಣಬೆ ಗುರುತು ಹಿಡಿಯೋದು ಜಾಗದಿಂದ, ಮಳೆಯಿಂದ, ಜೊತೆಗೆ ಬಂದ ಹಿರಿಯರಿಂದ. ಈ ಮೂರೂ ಅಲ್ಲಿ ನಿನ್ನ ಜೊತೆಗಿಲ್ಲ.

ಅಲ್ಲಿರೋದು ಬೇರೆ. ಅಮಾನಿಟಾ ಫಾಲಾಯ್ಡಿಸ್ ಅಂತ ಹೆಸರು, ಓಕ್, ಬೀಚ್ ಮರಗಳ ಕೆಳಗೆ ಬೇಸಿಗೆ ಕೊನೆಯಿಂದ ಅಕ್ಟೋಬರ್ ತನಕ ಏಳುತ್ತೆ. ತಿಳಿ ಹಸಿರು ಟೋಪಿ, ಕೆಲವು ಪೂರ್ತಿ ಬಿಳಿ. ಅಣಬೆ ತಿಂದು ಸಾಯೋರಲ್ಲಿ ಹೆಚ್ಚಿನವರು ಸಾಯೋದು ಇದರಿಂದಲೇ. ಎಳೆಯದು ನೋಡೋಕೆ ನಮ್ಮ ಭತ್ತದ ಹುಲ್ಲಲ್ಲಿ ಏಳೋ ಅಣಬೆ ಥರವೇ, ಮೊಟ್ಟೆಯಂಥ ಚೀಲದಿಂದ ಹೊರಗೆ ಬರುತ್ತೆ. 2012ರ ಹೊಸ ವರ್ಷದ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಬ್ಬರು ಸತ್ತಿದ್ದು ಇದನ್ನ ಹುಲ್ಲಿನ ಅಣಬೆ ಅಂದುಕೊಂಡು ತಿಂದೇ. 2015ರಲ್ಲಿ ಸಿರಿಯಾದಿಂದ ಆಗ ತಾನೆ ಬಂದ ನಿರಾಶ್ರಿತರು ಜರ್ಮನಿಯಲ್ಲಿ ಸಾಲಾಗಿ ಆಸ್ಪತ್ರೆ ಸೇರಿದ್ರು, ಹ್ಯಾನೋವರ್‌ನ ವೈದ್ಯಕೀಯ ವಿಶ್ವವಿದ್ಯಾಲಯ ಅರೇಬಿಕ್, ಕುರ್ದಿಶ್ ಭಾಷೆಗಳಲ್ಲಿ ಪೋಸ್ಟರ್ ಮಾಡಿ ಹಂಚಬೇಕಾಯ್ತು. ನೋಡು, ಸಿಕ್ಕಿಬೀಳೋರು ಅಣಬೆ ಗೊತ್ತಿಲ್ಲದವರಲ್ಲ, ತಮ್ಮೂರಿನ ಅಣಬೆ ಚೆನ್ನಾಗಿ ಗೊತ್ತಿರೋರು.

ಆಮೆ ಲೆಕ್ಕಕ್ಕೆ ಬರೋಣ. ನಮ್ಮ ಕಡೆಯೂ ಹೇಳ್ತಾರಲ್ಲ, ಹುಳ ಕಚ್ಚಿದ ಅಣಬೆಗೆ ವಿಷವಿಲ್ಲ, ಬೆಳ್ಳಿ ಚಮಚ ಕಪ್ಪಾಗದಿದ್ರೆ ವಿಷವಿಲ್ಲ ಅಂತ. ಎರಡೂ ಸುಳ್ಳು. ಈ ಅಮಾನಿಟಾವನ್ನ ಚಿಪ್ಪಿಲ್ಲದ ಬಸವನಹುಳಗಳು ಮೇಯ್ತವೆ. ಅವುಗಳ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ. ಆಮೆಗಳಲ್ಲಿ ಕೆಲವು ಜಾತಿಯವು ಅಣಬೆ ಕಂಡರೆ ಬಿಡೋದೇ ಇಲ್ಲ. ಅದು ನಿನಗೆ ಅಡುಗೆ ರುಚಿ ನೋಡಿ ಕೊಡ್ತಾ ಇಲ್ಲ.

ಮನುಷ್ಯರಿಗೆ ಹೇಗಾಗುತ್ತೆ ಗೊತ್ತಾ? ತಿಂದ ರಾತ್ರಿ ಏನೂ ಇಲ್ಲ. ರುಚಿಯೂ ಚೆನ್ನಾಗಿತ್ತು ಅಂತ ಬದುಕಿ ಉಳಿದವರು ಹೇಳ್ತಾರೆ. ಆರರಿಂದ ಹನ್ನೆರಡು ಗಂಟೆ, ಕೆಲವರಿಗೆ ಇನ್ನೂ ತಡವಾಗಿ, ವಾಂತಿ ಭೇದಿ ಶುರು. ಮಾರನೇ ದಿನ ತಾನಾಗೇ ಕಡಿಮೆಯಾಗುತ್ತೆ, ಗೆದ್ದೆ ಅಂದುಕೊಂಡು ಗಂಜಿ ಕುಡಿದು ಮಲಗ್ತಾರೆ. ಆ ಹೊತ್ತಿಗೆ ಲಿವರ್ ಒಳಗೇ ಸಾಯ್ತಾ ಇರುತ್ತೆ. ಮೂರು ನಾಲ್ಕನೇ ದಿನ ಕಣ್ಣು ಹಳದಿ, ಆಮೇಲೆ ಕೆಲವರಿಗೆ ಲಿವರ್ ಕಸಿ ಬಿಟ್ಟು ದಾರಿ ಇಲ್ಲ. ಬೇಯಿಸಿದ್ರೂ, ಹುರಿದ್ರೂ, ಒಣಗಿಸಿದ್ರೂ ವಿಷ ಹೋಗಲ್ಲ. ಯಾರಾದ್ರೂ ತಿಂದಿದ್ದು ಗೊತ್ತಾದ್ರೆ ವಾಂತಿ ಬರಲಿ ಅಂತ ಕಾಯಬೇಡ. ಮ್ಯೂನಿಕ್ಕಿನ ವಿಷ ಸಹಾಯವಾಣಿ 089 19240, ತುರ್ತಿಗೆ 112. ಉಳಿದ ಪಲ್ಯ, ಹೆಚ್ಚಿ ಬಿಸಾಕಿದ ಚೂರು, ಎಲ್ಲ ಕವರಿಗೆ ಹಾಕಿ ಜೊತೆಗೆ ಒಯ್ಯಿ. ಒಟ್ಟಿಗೆ ಉಂಡವರೆಲ್ಲ ಹೋಗಬೇಕು, ಆರಾಮಾಗಿರೋರೂ.

ನಾನೇನು ಮಹಾ ಜಾಣೆ ಅಂದುಕೋಬೇಡ. ನಾನು ಜರ್ಮನಿಗೆ ಹೋದ ಮರುವರ್ಷ, 2009ರಲ್ಲಿ, ತೀರ್ಥಹಳ್ಳಿ ಹುಡುಗಿಗೆ ಅಣಬೆ ಹೇಳಿಕೊಡಬೇಕಾ ಅಂತ ಚಾಕು ಹಿಡಿದು ಕಾಡಿಗೆ ಹೋದವಳೇ. ಪಕ್ಕದ ಮನೆಯವಳು ಬುಟ್ಟಿ ನೋಡಿ ಮುಖ ಸಣ್ಣ ಮಾಡಿಕೊಂಡು, ಅಣಬೆ ತಪಾಸಣೆ ಮಾಡೋ ಹಿರಿಯರೊಬ್ಬರ ಹತ್ತಿರ ಎಳಕೊಂಡು ಹೋದಳು. ಸೀಸನ್ನಲ್ಲಿ ಅಲ್ಲಿ ಇಂಥಾ ತಜ್ಞರು ಎಷ್ಟೋ ಊರಲ್ಲಿ ಸಿಗ್ತಾರೆ, ಪರೀಕ್ಷೆ ಪಾಸಾದವರು. ಆತ ಪೇಪರ್ ಹಾಸಿ ಒಂದೊಂದೇ ತಿರುವಿ ಇಟ್ಟ. ಒಂದನ್ನ ಎತ್ತಿ, "ಇದರ ಬುಡ ಎಲ್ಲಿ?" ಅಂದ. ಮಣ್ಣಾಗಬಾರದು ಅಂತ ನಾನು ಅಂದವಾಗಿ ಮೇಲಿಂದ ಕೊಯ್ದಿದ್ದೆ. ಅಮಾನಿಟಾದ ಆ ಮೊಟ್ಟೆಯಂಥ ಚೀಲ ಇರೋದೇ ಮಣ್ಣಲ್ಲಿ ಹೂತ ಬುಡದಲ್ಲಿ. ಟೋಪಿ ಕೆಳಗೆ ಬಿಳಿ ಪದರ, ಕಾಲಿಗೆ ಲಂಗದ ಹಾಗೆ ಇಳಿಬಿದ್ದ ಉಂಗುರ. ಏನೂ ಮಾತಾಡದೆ ಇಡೀ ಬುಟ್ಟಿಯನ್ನ ಕಸದ ಡಬ್ಬಿಗೆ ಸುರಿದ, ಅದರಲ್ಲಿದ್ದ ಒಳ್ಳೇ ಅಣಬೆಗಳನ್ನೂ ಸೇರಿಸಿ. ಚೂರು ಬೆರೆತಿರಬಹುದಂತೆ. ಅಪ್ಪ ಕೋಲು ಹಿಡಿದು ಬುಡ ಬಿಡಿಸೋದು ಆಗ ನೆನಪಾಯ್ತು, ಹದಿನೈದು ನಿಮಿಷ ತಡವಾಗಿ. ಈಗ ನಾನು ಅಣಬೆ ತಗೊಳ್ಳೋದು ಮಾರ್ಕೆಟ್ಟಲ್ಲಿ, ತೂಕಕ್ಕೆ.

ಇನ್ನು ಅಜ್ಜಿಯ ಆಮೆ. ಒಪ್ಪಿಕೋ, ಆದ್ರೆ ಹೆದರಬೇಡ: ಜನವರಿಯಲ್ಲಿ ಅದು ಫ್ರಿಜ್ಜಲ್ಲಿ ಇರಬಹುದು. ತಮಾಷೆಯಲ್ಲ. ಅದು ಹರ್ಮನ್ ಆಮೆ ಅನ್ನೋ ಯುರೋಪಿನ ನೆಲದ ಆಮೆ ಆಗಿದ್ರೆ ಅದಕ್ಕೆ ಚಳಿಗಾಲದ ನಿದ್ದೆ ಬೇಕು. ಅಲ್ಲಿ ತುಂಬಾ ಜನ ಮಣ್ಣು, ಬೀಚ್ ಎಲೆ ತುಂಬಿದ ಡಬ್ಬಿಯಲ್ಲಿ ಇಟ್ಟು, ಅದಕ್ಕೇ ಮೀಸಲಾದ ಫ್ರಿಜ್ಜಲ್ಲಿ ಸುಮಾರು 5 ಡಿಗ್ರಿಯಲ್ಲಿ ಮಲಗಿಸ್ತಾರೆ. ನಿನ್ನ ಕೆಲಸ ವಾರಕ್ಕೊಮ್ಮೆ ಬಾಗಿಲು ತೆಗೆದು ಗಾಳಿ ಆಡಿಸೋದು, ತೂಕ ನೋಡಿ ಬರೆದಿಡೋದು. ತಿನ್ನಿಸೋಕೆ ಹೋಗಬೇಡ. ಅಮ್ಮನಿಗೆ ಇದನ್ನ ಹೇಳಿದೆ. "ನಮ್ಮ ಕರೆಂಟಲ್ಲಾಗಿದ್ರೆ ಅದು ದಿನಾ ಎದ್ದು ಕೂರ್ತಿತ್ತು" ಅಂದ್ರು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳಿ, ಅದರ ತಟ್ಟೆ ಅಡುಗೆ ಸಿಂಕಿಗೆ ತರಬೇಡ. ಆಮೆಗೆ ಏನೂ ಆಗದೆ, ನಮ್ಮ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು. ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರೋದನ್ನ 1975ರಲ್ಲೇ ನಿಲ್ಲಿಸಿದ್ದು ಮಕ್ಕಳಿಗೆ ಇದೇ ತಗುಲಿ. ಕಾಗದಪತ್ರ ಎಲ್ಲಿದೆ ಅಂತ ಅಜ್ಜಿ ಹತ್ತಿರ ಕೇಳಿಟ್ಟುಕೋ. ಅಲ್ಲಿ ಆಮೆಗೂ ದಾಖಲೆ ಬೇಕು, ಹೊಟ್ಟೆ ಚಿಪ್ಪಿನ ಫೋಟೋ ಸಮೇತ. ನಿನ್ನ ವೀಸಾ ಫೈಲಿಗಿಂತ ಅಚ್ಚುಕಟ್ಟಾಗಿರುತ್ತೆ.

ಅಕ್ಕನ ಗೃಹಪ್ರವೇಶಕ್ಕೆ ಹಿತ್ತಾಳೆ ಆಮೆ ಕೊಡಿಸು. ನಕ್ಷತ್ರ ಆಮೆ ಮನೆಗೆ ಬಂದ್ರೆ ಲಕ್ಷ್ಮಿ ಬರ್ತಾಳೆ ಅಂತ ಯಾರೋ ಹೇಳಿರ್ತಾರೆ. ಬರೋದು ಅರಣ್ಯ ಇಲಾಖೆ ಜೀಪು. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದನ್ನ ಸಾಕೋದು, ಮಾರೋದು ಅಪರಾಧ. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ ಬಿದ್ದಿದೆ. ನಮ್ಮಜ್ಜನ ಕಾಲದಲ್ಲಿ ಬಾವಿಯಲ್ಲಿ ಒಂದು ಕರಿ ಆಮೆ ಇತ್ತು, ಕೊಡಪಾನ ಇಳಿಸಿದ್ರೆ ಪಕ್ಕಕ್ಕೆ ಸರಿದು ಜಾಗ ಬಿಡ್ತಿತ್ತು. ಅದನ್ನ ಯಾರೂ ಕೊಂಡು ತಂದಿದ್ದಲ್ಲ.

ಮುಂದಿನ ತಿಂಗಳು ವಾಪಸ್ ಬರ್ತೀನಿ. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟಲಿ ನಿನಗೂ ಕಟ್ಟಿಸಿದ್ದೀನಿ. ಅಲ್ಲಿ ತನಕ ಅಜ್ಜಿ ಫ್ರಿಜ್ಜಲ್ಲಿ ಥರ್ಮಾಮೀಟರ್ ಇದೆಯಾ ವಿಚಾರಿಸು. ಇಲ್ಲದಿದ್ರೆ ಒಂದಲ್ಲ, ಎರಡು ತಂದಿಡು.