ಗ್ಯಾರೇಜ್ ಕಟ್ಟೆ: ಘಾಟಿಯಲ್ಲಿ ಕಟಕಟ ಅನ್ನುವ ಪದ್ಮಿನಿ

ಪ್ರಶ್ನೆ: ಅಪ್ಪನ ಕಾಲದ 1986ರ ಪ್ರೀಮಿಯರ್ ಪದ್ಮಿನಿಯನ್ನು ಇನ್ನೂ ಓಡಿಸುತ್ತಿದ್ದೇನೆ. ಎರಡು ತಿಂಗಳ ಹಿಂದೆ ಹೊಸ ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸ್ವಿಚ್) ಹಾಕಿಸಿದೆ. ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ತಿರುಗಿಸಿ, ಕಿವಿಗೆ ಸರಿ ಅನ್ನಿಸಿದ ಕಡೆ ಬಿಗಿದುಕೊಟ್ಟರು. ಐಡಲಿಂಗ್ ಚೆನ್ನಾಗಿದೆ. ಆದರೆ ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಡಬ್ಬದೊಳಗೆ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು. ಬಿಸಿಯಲ್ಲಿ ಸ್ಟಾರ್ಟರ್ ಕೂಡ ತಿಣುಕುತ್ತದೆ. ಎಥನಾಲ್ ಪೆಟ್ರೋಲಿನಿಂದಲೇ ಹೀಗೆ ಅನ್ನುತ್ತಾರೆ, ಹೌದಾ? (ಮೂಡಿಗೆರೆಯ ಓದುಗರು)

ಉತ್ತರ: ಪೆಟ್ರೋಲನ್ನು ಬೈಯಬೇಡಿ. ಎಥನಾಲ್ ಬೆರೆತರೆ ಆಕ್ಟೇನ್ (ತಾನಾಗಿ ಸಿಡಿಯದೆ ತಡೆಯುವ ಗುಣ) ಏರುತ್ತದೆ, ನಾಕಿಂಗ್, ಅಂದರೆ ಈ ಕಟಕಟ ಸದ್ದು, ಕಡಿಮೆಯೇ ಆಗಬೇಕು. ಅದು ಹಳೇ ರಬ್ಬರ್ ಪೈಪುಗಳಿಗೆ ಶತ್ರು, ಅದು ಬೇರೆ ಮಾತು. ನಿಮ್ಮ ಕಾರಿನ ಟೈಮಿಂಗ್ ಮುಂದಕ್ಕೆ ಹೋಗಿದೆ, ಅಂದರೆ ಕಿಡಿ ಬರಬೇಕಾದ್ದಕ್ಕಿಂತ ಬೇಗ ಬರುತ್ತಿದೆ. ಬಿಸಿಯಲ್ಲಿ ಸ್ಟಾರ್ಟರ್ ತಿಣುಕುವುದೇ ಅದಕ್ಕೆ ಸಾಕ್ಷಿ. ಪಿಸ್ಟನ್ ಮೇಲೆ ಬರುವ ಮೊದಲೇ ಬೆಂಕಿ ಹತ್ತಿ ಅದನ್ನು ಹಿಂದಕ್ಕೆ ಒದೆಯುತ್ತಿದೆ.

ಕಿವಿಯ ಲೆಕ್ಕ ಇಲ್ಲೇ ಕೈಕೊಡುವುದು. ನಿಂತಲ್ಲಿ ಓಡುವ ಎಂಜಿನ್ನಿಗೆ ಕೆಲಸವೇ ಇರುವುದಿಲ್ಲ. ಕಿಡಿ ಬೇಗ ಕೊಟ್ಟಷ್ಟೂ ಅದು ಸರಾಗವಾಗಿ, ಜೋರಾಗಿ ಸುತ್ತುತ್ತದೆ. ಸದ್ದು ಚೆನ್ನಾಗಿದೆ ಅಂತ ಅಲ್ಲೇ ಬಿಗಿದರೆ ಬಯಲಲ್ಲಿ ಏನೂ ಗೊತ್ತಾಗದು. ನಾಲ್ಕು ಜನ ಕೂತು ಕೊಟ್ಟಿಗೆಹಾರದ ಕಡೆ ಹತ್ತುವಾಗ ಬಣ್ಣ ಬಯಲಾಗುತ್ತದೆ.

ಹಾಗಂತ ಕಿಡಿ ಮುಂಚೆ ಬರಲೇಬಾರದು ಅಂತಲ್ಲ. ಪೆಟ್ರೋಲ್ ಪೂರ್ತಿ ಉರಿಯಲು ಹೊತ್ತು ಬೇಕು. 3000 ಆರ್‌ಪಿಎಂನಲ್ಲಿ ಎಂಜಿನ್ ಸೆಕೆಂಡಿಗೆ 50 ಸುತ್ತು. ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ 18 ಡಿಗ್ರಿ! ವೇಗ ಏರಿದಂತೆ ಕಿಡಿಯನ್ನು ಮುಂದಕ್ಕೆ ಎಳೆಯಲು ಡಿಸ್ಟ್ರಿಬ್ಯೂಟರ್ ಒಳಗೆ ಸ್ಪ್ರಿಂಗ್ ಹಾಕಿದ ಎರಡು ತೂಕಗಳಿವೆ. ಅವು ತುಕ್ಕು ಹಿಡಿದಿಲ್ಲ ತಾನೇ? ರೋಟರನ್ನು (ಡಿಸ್ಟ್ರಿಬ್ಯೂಟರ್ ಒಳಗೆ ಸುತ್ತುವ ತುಂಡು) ಬೆರಳಲ್ಲಿ ಸ್ವಲ್ಪ ತಿರುಗಿಸಿ ಬಿಡಿ. ತಾನಾಗಿ ವಾಪಸ್ ಬರಬೇಕು.

ಈಗ ಕೆಲಸ. ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿಸಬೇಡಿ. ಗ್ಯಾಪ್ ಜಾಸ್ತಿಯಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನಾಗಿ ಮುಂದೆ ಹೋಗುತ್ತದೆ. ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) ಸುಮಾರು 0.4 ಮಿ.ಮೀ. ಇಡಿ.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ. ಕಾರನ್ನು ಸಮತಟ್ಟು ಜಾಗದಲ್ಲಿ ಟಾಪ್ ಗೇರಿಗೆ ಹಾಕಿ ಮೆಲ್ಲಗೆ ಮುಂದಕ್ಕೆ ತಳ್ಳಿಸಿ, ಎಂಜಿನ್ ತಿರುಗುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುತ್ತಾ ಮೇಲೆ ಬರುವ ಹೊತ್ತು. ಈ ಬೆರಳಿನ ಪರೀಕ್ಷೆ ಬಿಟ್ಟು ನಾನು ಒಮ್ಮೆ ಪಾಠ ಕಲಿತಿದ್ದೇನೆ. ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜೊಂದರಲ್ಲಿ ಹುಡುಗನಾಗಿದ್ದಾಗ ಎಂಜಿನ್ ಜೊತೆ ಸುತ್ತುವ ಪುಲ್ಲಿಯ (ಬೆಲ್ಟ್ ಚಕ್ರದ) ಗುರುತು ಮಾತ್ರ ನೋಡಿ ವೈರ್ ಹಾಕಿದ್ದೆ. ಗುರುತು ಎರಡು ಸುತ್ತಿಗೆ ಎರಡು ಸಲ ಬರುತ್ತದಲ್ಲ, ಒಂದು ಕಂಪ್ರೆಷನ್ನಿನದ್ದು, ಇನ್ನೊಂದು ಹೊಗೆ ಹೊರಹೋಗುವ ಎಕ್ಸಾಸ್ಟಿನದ್ದು. ನಾನು ಹಿಡಿದಿದ್ದು ಎಕ್ಸಾಸ್ಟಿನದ್ದು. ಕಾರ್ಬ್ಯುರೇಟರಿನಿಂದ ಢಂ ಅಂತ ಬೆಂಕಿ ಬಂತು, ಹುಬ್ಬು ಸುಟ್ಟಿತು. ಮೇಸ್ತ್ರಿ ನಕ್ಕು, ಆಮೇಲೆ ತಲೆ ಮೇಲೊಂದು ಕೊಟ್ಟರು.

ಪುಲ್ಲಿಯ ಗುರುತನ್ನು ಕಾರಿನ ಪುಸ್ತಕ ಹೇಳುವ ಡಿಗ್ರಿಗೆ ತನ್ನಿ. ದಾಟಿಹೋದರೆ ಹಿಂದಕ್ಕೆ ಅಷ್ಟೇ ಎಳೆದು ನಿಲ್ಲಿಸಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ, ಇಲ್ಲದಿದ್ದರೆ ಚೈನಿನ ಸಡಿಲ ಮೋಸ ಮಾಡುತ್ತದೆ. ಗೇರ್ ನ್ಯೂಟ್ರಲ್ ಮಾಡಿ. 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿ. ಒಂದು ಕಾಯಿಲಿನಿಂದ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ವೈರಿನ ಟರ್ಮಿನಲ್ಲಿಗೆ, ಇನ್ನೊಂದು ಕಾರಿನ ಬಾಡಿಯ ಲೋಹಕ್ಕೆ. ಇಗ್ನಿಷನ್ ಆನ್. ಡಿಸ್ಟ್ರಿಬ್ಯೂಟರ್ ಕ್ಲ್ಯಾಂಪ್ ಸಡಿಲಿಸಿ, ರೋಟರ್ ಸುತ್ತುವ ದಿಕ್ಕಿಗೇ ತಿರುಗಿಸಿ, ಬಲ್ಬು ಆರುತ್ತದೆ. ಈಗ ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ಸರಿಸುತ್ತಾ ಬನ್ನಿ. ಬಲ್ಬು ಹತ್ತಿದ ಕ್ಷಣ ನಿಲ್ಲಿಸಿ, ಬಿಗಿಯಿರಿ. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಅರ್ಧ ವೇಗದಲ್ಲಿ ಸುತ್ತುತ್ತದೆ. ನೀವು ಅದರ ಮೈಯನ್ನು 1 ಡಿಗ್ರಿ ತಿರುಗಿಸಿದರೆ ಟೈಮಿಂಗ್ 2 ಡಿಗ್ರಿ ಸರಿಯುತ್ತದೆ, ನೆನಪಿರಲಿ. ಕೆಲಸ ಮುಗಿದ ಕೂಡಲೇ ಇಗ್ನಿಷನ್ ಆಫ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ.

ಒಂದು ದಿಣ್ಣೆಯಲ್ಲಿ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಸಣ್ಣಗೆ ಕಟಕಟ ಅಂದು ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಟೈಮಿಂಗ್ ಇನ್ನೂ ಸ್ವಲ್ಪ ಹಿಂದಕ್ಕೆ. ತುಂಬಾ ಹಿಂದಕ್ಕೆ ತಳ್ಳಿದರೂ ತಪ್ಪೇ: ಎಳೆತ ಸತ್ತು, ಅರ್ಧ ಘಾಟಿಗೆ ರೇಡಿಯೇಟರ್ ಕುದಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಬೆಳಿಗ್ಗೆ ನಮ್ಮ ಹಳೇ ಕಾರು ಸ್ಟಾರ್ಟೇ ಆಗುವುದಿಲ್ಲ. ಟೈಮಿಂಗ್ ನೋಡಿಸಬೇಕಾ? (ಸಕಲೇಶಪುರ)

ಉತ್ತರ: ಬೇಡ. ಮಳೆ ಬಂದರೆ ಟೈಮಿಂಗ್ ಬದಲಾಗುವುದಿಲ್ಲ, ಅಲ್ವಾ? ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗಿನ ತೇವ ಒರೆಸಿ. ಪೆನ್ಸಿಲ್ಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಕಂಡರೆ ಕ್ಯಾಪ್ ಬದಲಿಸಿ, ಕಿಡಿ ಆ ಗೆರೆಯಲ್ಲೇ ಸೋರಿಹೋಗುತ್ತದೆ. ಪ್ಲಗ್ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿ. ಎಲ್ಲಾ ಒಟ್ಟಿಗೆ ಕಿತ್ತು, ಯಾವುದು ಎಲ್ಲಿಗೆ ಅಂತ ನನಗೆ ಫೋನ್ ಮಾಡುವವರೇ ಜಾಸ್ತಿ. ಪದ್ಮಿನಿಯಾದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ 1-3-4-2.